ತೌಡಿನ ಬ್ರೆಡ್ಡಿಗೊಂದು ನಿಷ್ಠುರ ಮೂಗು

"ಚೀಲ ಬಿಚ್ಚಿದ ತಕ್ಷಣ ಅಳತೆ ಬಟ್ಟಲು ಹುಡುಕಬೇಡಿ. ಮೊದಲು ಮೂಗು ಇಡಿ" ಎಂಬುದು ತೌಡಮ್ಮನವರ ಶನಿವಾರದ ತರಗತಿಯ ಮೊದಲ ಪಾಠವಾಗಿತ್ತು. ತರಗತಿಯೆಂದರೆ ಎರಡನೆಯ ಮಹಡಿಯ ಒಂದು ಅಡುಗೆಕೋಣೆ. ಐದು ಜನ ನಿಂತರೆ ಆರನೆಯವರು ಕೈ ಬೀಸಲಾಗದಷ್ಟು ಜಾಗ, ಕಿಟಕಿಯ ಪಕ್ಕ ಒಂದು ಓವನ್, ಅದರ ಬಾಗಿಲು ಬಿಗಿಯಾಗಿ ಮುಚ್ಚದ ಕಾರಣ ಹಿಡಿಕೆಗೆ ಸಿಕ್ಕಿಸಿಟ್ಟ ಮರದ ಚಮಚ. ಅಕ್ಕಪಕ್ಕದ ಗೃಹಿಣಿಯರು ಬರುತ್ತಿದ್ದರು. ನಿವೃತ್ತರಾದ ಒಬ್ಬ ಬಸ್ ಚಾಲಕರೂ ಬರುತ್ತಿದ್ದರು.

ತೌಡಮ್ಮ ಎಂಬ ಹೆಸರನ್ನು ಇಟ್ಟವರು ಗಂಡನ ಅಕ್ಕ. ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಒಂಟಿಯಾಗಿ ವಾಸವಿದ್ದ ಆ ಅತ್ತಿಗೆ, ನೌಕರಿಯಿದ್ದಷ್ಟು ಕಾಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಎದುರಿಗೆ ಬಂದವರೆಲ್ಲ ಟಿಕೆಟಿಲ್ಲದೆ ಹತ್ತಿದವರೇ ಎಂಬ ಅನುಮಾನ ನಿವೃತ್ತಿಯ ನಂತರವೂ ಅವರ ಕಣ್ಣು ಬಿಟ್ಟಿರಲಿಲ್ಲ. "ಬೆಳ್ಳಗೆ, ಮೆತ್ತಗೆ ಇರೋ ಬ್ರೆಡ್ಡು ಅಂಗಡೀಲಿ ಸಿಗುತ್ತೆ. ಇವಳು ದನಕ್ಕೆ ಹಾಕೋದನ್ನ ತಂದು ಜನಕ್ಕೆ ತಿನ್ನಿಸ್ತಾಳೆ. ತೌಡು ಕುಟ್ಟೋದು ಅಂತ ಗಾದೆ ಮಾಡಿದವರು ಇವಳನ್ನ ನೋಡೇ ಮಾಡಿರಬೇಕು" ಎಂದು ಮೆಟ್ಟಿಲಿನಲ್ಲಿ ನಿಂತು ಹೇಳಿದ ಮಾತು ಮೂರೂ ಮಹಡಿಗೆ ಕೇಳಿಸಿತ್ತು. ಹೆಸರು ಅಂಟಿಕೊಂಡಿತು. ಆಕೆಯೂ ಅದನ್ನು ಕೊಡವಿಕೊಳ್ಳಲಿಲ್ಲ.

ಒಂದು ಕಚೇರಿಯಲ್ಲಿ ಬೆರಳಚ್ಚು ಮಾಡುತ್ತ ಆಕೆ ಯೌವನವನ್ನೆಲ್ಲ ಕಳೆದಿದ್ದರು. ಬೇರೆಯವರ ಮಾತುಗಳನ್ನು ತಪ್ಪಿಲ್ಲದೆ ದಾಖಲಿಸುವುದಷ್ಟೇ ಕೆಲಸ. ಕಚೇರಿ ಮುಚ್ಚಿದ ಮೇಲೆ ಹೊತ್ತು ಹೋಗದೆ ಶುರುವಾದ ಬ್ರೆಡ್ಡು ತರಗತಿಯಾಗಿ ಬೆಳೆದಾಗಲೇ, ತನ್ನ ಬಾಯಿಂದ ಬಂದ ಮಾತಿಗೂ ಜನ ತಲೆಯಾಡಿಸುತ್ತಾರೆ ಎಂಬುದು ಆಕೆಗೆ ತಿಳಿದದ್ದು. ಶನಿವಾರವೊಂದನ್ನು ತೆಗೆದುಬಿಟ್ಟರೆ ಆಕೆಯ ವಾರದಲ್ಲಿ ಆಕೆಯದೆನ್ನುವುದು ಏನೂ ಉಳಿಯುತ್ತಿರಲಿಲ್ಲ.

ಪಾಠಗಳು ಸರಳವಾಗಿದ್ದವು, ಸಕಾರಣವಾಗಿಯೂ ಇದ್ದವು. "ತೌಡು ನಿಧಾನಕ್ಕೆ ನೀರು ಕುಡಿಯುತ್ತೆ, ಅವಸರ ಮಾಡಬೇಡಿ. ಕಲಸಿ, ಮುಚ್ಚಿಟ್ಟು, ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಆಮೇಲೆ ನಾದಿ. ಕೈಗೆ ಅಂಟುತ್ತೆ ಅಂತ ಮೇಲೆ ಮೇಲೆ ಹಿಟ್ಟು ಸುರಿದರೆ ನಾಳೆ ಇಟ್ಟಿಗೆ ಸಿಗುತ್ತೆ." ಮೊದಲ ಸಲ ಮಾಡುವವರು ಅರ್ಧ ಮೈದಾ ಬೆರೆಸಲಿ, ಅದರಲ್ಲಿ ಅವಮಾನವೇನಿಲ್ಲ. ಇಡೀ ಗೋಧಿಯ ಹಿಟ್ಟು ಎರಡರಷ್ಟು ಉಬ್ಬಬೇಕೆಂದು ಕಾಯುತ್ತ ಕೂರಬಾರದು, ಅಷ್ಟರಲ್ಲಿ ಅದು ಸೋತು ಕುಸಿಯುತ್ತದೆ. ಬೆಂದ ಬ್ರೆಡ್ಡನ್ನು ಮಗುಚಿ ತಳಕ್ಕೆ ಬೆರಳಿನಿಂದ ತಟ್ಟಿದರೆ ಖಾಲಿ ಪೆಟ್ಟಿಗೆಯ ಸದ್ದು ಬರಬೇಕು. ಆರುವ ಮುನ್ನ ಕೊಯ್ದವರು ಅಂಟು ತಿನ್ನುತ್ತಾರೆ.

ಇವೆಲ್ಲಕ್ಕೂ ಮೊದಲು ಮೂಗು. ಗೋಧಿಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯಿದೆ. ಕಾಳು ಇಡಿಯಾಗಿರುವವರೆಗೆ ಅದು ಭದ್ರ. ಬೀಸಿದ ಕ್ಷಣದಿಂದ ಗಾಳಿಗೆ ಸಿಕ್ಕಿ ಕೆಡತೊಡಗುತ್ತದೆ. ಮೈದಾ ತಿಂಗಳುಗಟ್ಟಲೆ ಬಾಳುವುದು ಆ ಭಾಗವನ್ನು ಮೊದಲೇ ತೆಗೆದಿರುವುದರಿಂದ. ಕಮಟು ಹಿಡಿದ ಹಿಟ್ಟು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ, ಚೆನ್ನಾಗಿಯೇ ಉಬ್ಬಿ ಚೆನ್ನಾಗಿಯೇ ಬೇಯುತ್ತದೆ. ಅದನ್ನು ಕಂಡುಹಿಡಿಯಲು ಮನೆಯಲ್ಲಿರುವ ಉಪಕರಣ ಒಂದೇ, ಮುಖದ ನಡುವೆ ಇರುವಂಥದ್ದು.

ಆ ಉಪಕರಣ ಒಂದು ಸಾಧಾರಣ ಜ್ವರದಲ್ಲಿ ಕೆಟ್ಟಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಜ್ವರ ಇಳಿದ ಮೇಲೆ ಕಾಫಿ ಬರೀ ಬಿಸಿಯಾಗಿತ್ತು, ಸೋಪು ಬರೀ ನುಣುಪಾಗಿತ್ತು. ವೈದ್ಯರು ಟಾರ್ಚು ಹಾಕಿ ಇಣುಕಿ, "ಬರಬಹುದು, ಬರದೇನೂ ಇರಬಹುದು" ಎಂದರು. ಇಷ್ಟು ಪ್ರಾಮಾಣಿಕವಾದ ಉತ್ತರ ವೈದ್ಯರಿಂದ ಅಪರೂಪ. ಅದರಿಂದ ಉಪಯೋಗವೇನೂ ಆಗಲಿಲ್ಲವಷ್ಟೇ.

ವಿಷಯ ಗಂಡನಿಗೆ ಮಾತ್ರ ಗೊತ್ತಿತ್ತು. ತರಗತಿಯವರಿಗೆ ಹೇಳಿದರೆ ಮೊದಲ ಪಾಠವೇ ಸುಳ್ಳಾಗುತ್ತದೆ. ಅತ್ತಿಗೆಗೆ ಹೇಳಿದರೆ ಮೂರು ಮಹಡಿಗೂ ಹೇಳಿದಂತೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಹೆಚ್ಚು ಮಾತಿಲ್ಲದ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಹಿಟ್ಟಿನ ಚೀಲವನ್ನು ಅವರ ಮುಖಕ್ಕೆ ಹಿಡಿದು ಆಕೆ, "ರೀ, ಹೇಗಿದೆ?" ಎಂದರೆ, "ಚೆನ್ನಾಗಿದೆ" ಎನ್ನುತ್ತಿದ್ದರು. ಬ್ರೆಡ್ಡು ಕೊಟ್ಟು ಕೇಳಿದರೂ ಅದೇ ಉತ್ತರ.

ಹೀಗಿರುವಾಗ ಒಂದು ಶನಿವಾರ ತರಗತಿ ಮುಗಿದು, ಎಲ್ಲರೂ ಕೈಯಲ್ಲೊಂದೊಂದು ಹೋಳು ಹಿಡಿದು ನಿಂತಿದ್ದಾಗ ಅತ್ತಿಗೆ ಮೇಲೆ ಬಂದರು. ಯಾರೂ ಕೊಡದಿದ್ದರೂ ಒಂದು ಹೋಳು ಎತ್ತಿ ಬಾಯಿಗಿಟ್ಟುಕೊಂಡವರು ನೇರವಾಗಿ ಸಿಂಕಿಗೆ ಹೋಗಿ ಉಗುಳಿದರು.

"ಏನೇ ಇದು? ಹಳೇ ಬಣ್ಣದ ಡಬ್ಬಿ ನೆಕ್ಕಿದ ಹಾಗಿದೆ! ಇಷ್ಟು ಜನ ನಿಂತು ತಿಂತಾ ಇದ್ದೀರಲ್ಲ, ಒಬ್ಬರಿಗೂ ಮೂಗಿಲ್ವಾ?"

ಬಸ್ ಚಾಲಕರು ಹೋಳನ್ನು ನಿಧಾನವಾಗಿ ಕೆಳಗಿಟ್ಟು, "ನಾನು ಹೊಸ ಥರದ ಧಾನ್ಯ ಇರಬೇಕು ಅಂದುಕೊಂಡೆ" ಎಂದರು. ಉಳಿದವರು ನಕ್ಕರು. ತೌಡಮ್ಮನವರೂ ನಕ್ಕು, ಚೀಲ ಅದಲುಬದಲಾಯಿತು ಎಂದು ಹೇಳಿ ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿದರು.

ಬಾಗಿಲು ಹಾಕಿದ ಮೇಲೆ ಗಂಡನನ್ನು ಕೇಳಿದರು. "ಈ ವಾರವೆಲ್ಲ ನೀವು ಇದನ್ನೇ ತಿಂದಿದ್ದೀರಿ. ನಿಮಗೆ ಗೊತ್ತಾಗಲಿಲ್ವಾ?"

"ಸ್ವಲ್ಪ ಕಹಿ ಅನ್ನಿಸ್ತು."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮಾಡಿರ್ತೀಯ. ಹೇಗೆ ಹೇಳೋದು?"

ಆಕೆಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಆ ಮನೆಯಲ್ಲಿ "ಚೆನ್ನಾಗಿದೆ" ಎಂಬ ಶಬ್ದಕ್ಕೆ ಇನ್ನು ಅರ್ಥವಿರಲಿಲ್ಲ. ಯಾವ ತೂಕವನ್ನಿಟ್ಟರೂ ಒಂದೇ ಸಂಖ್ಯೆ ತೋರಿಸುವ ತಕ್ಕಡಿಯನ್ನು ಪ್ರೀತಿಸಬಹುದು, ಅದರಿಂದ ತೂಗಲಾಗುವುದಿಲ್ಲ.

ಗಂಡ ಪ್ರಾಯಶ್ಚಿತ್ತವೆಂಬಂತೆ ಒಂದು ಪರೀಕ್ಷೆ ಏರ್ಪಡಿಸಿದರು. ಹೊಸ ಹಿಟ್ಟಿನದೊಂದು, ಕೆಟ್ಟ ಹಿಟ್ಟಿನದೊಂದು, ಎರಡು ಡಬ್ಬಿ. ಆಕೆ ಕಣ್ಣು ಮುಚ್ಚಿಕೊಂಡರೆ ಅವರು ಅಂಗಡಿಗೆ ಬಂದವರ ಕಣ್ಣಿಗೆ ಗಾಜು ಬದಲಾಯಿಸುವ ಧಾಟಿಯಲ್ಲೇ ಕೇಳುತ್ತಿದ್ದರು: "ಇದಾ? ಇದಾ? ಈಗ?" ಮೊದಲ ಸಲ ಸರಿಯಾಯಿತು, ಎರಡನೆಯ ಸಲವೂ ಸರಿಯಾಯಿತು. ಗಂಡ, "ನೋಡು, ಬರ್ತಾ ಇದೆ!" ಎಂದು ಕುಣಿದಾಡಿದರು. ಮುಂದಕ್ಕೆ ಒಂದಷ್ಟು ತಪ್ಪು, ಒಂದಷ್ಟು ಸರಿ. ಕೊನೆಗೆ ಲೆಕ್ಕ ಹಾಕಿದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯಾಗುತ್ತಿತ್ತು. "ಸಾಕು ಬಿಡಿ, ನನ್ನ ಮೂಗಿಗಿಂತ ನಾಣ್ಯ ಚಿಮ್ಮೋದೇ ಸುಲಭ" ಎಂದು ಆಕೆ ಡಬ್ಬಿ ಮುಚ್ಚಿದರು.

ನಂತರ ನಿಯಮಗಳಿಂದ ಮೂಗನ್ನು ಕಟ್ಟಿಕೊಳ್ಳಲು ಹೊರಟರು. ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಫ್ರಿಜ್ಜಿನಲ್ಲಿಟ್ಟರು; ತಂದ ದಿನವನ್ನು ಮುಚ್ಚಳಕ್ಕೆ ಅಂಟಿಸಿದರು. ಇದು ಯಾರು ಬೇಕಾದರೂ ಅನುಸರಿಸಬಹುದಾದ ಒಳ್ಳೆಯ ಪದ್ಧತಿಯೇ. ಆದರೆ ತಂದ ದಿನವು ಬೀಸಿದ ದಿನವಲ್ಲ. ಅಂಗಡಿಯವನ ಗೋದಾಮಿನಲ್ಲಿ ಬಿಸಿಲು ಬೀಳುವ ಗೋಡೆಯ ಪಕ್ಕ ಆ ಚೀಲ ಎಷ್ಟು ಕಾಲ ಕೂತಿತ್ತೆಂದು ಅಂಗಡಿಯವನಿಗೂ ತಿಳಿಯದು. "ಫ್ರೆಷ್ಷಾ?" ಎಂದು ಕೇಳಿದರೆ, "ಇವತ್ತೇ ಬಂದದ್ದಮ್ಮ" ಎಂದು ಅವನು ಸತ್ಯವನ್ನೇ ಹೇಳುತ್ತಿದ್ದ.

ಹಾಗೆ ಯೋಚಿಸುತ್ತಿದ್ದಾಗಲೇ ಆಕೆಗೆ ಹೊಳೆದದ್ದು: ಈ ಕಟ್ಟಡದಲ್ಲಿ ಸುಳ್ಳು ಹೇಳಲು ಬಾರದ ಮೂಗೊಂದಿದೆ. ಅದು ಕೆಳಗಿನ ಕೋಣೆಯಲ್ಲಿದೆ.

ಅಂದಿನಿಂದ ಪ್ರತಿ ಶುಕ್ರವಾರ ಹೊಸ ಹಿಟ್ಟಿನಿಂದ ಒಂದು ಪುಟ್ಟ ಬನ್ನು ಮಾಡಿ, ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿಯುವುದು ರೂಢಿಯಾಯಿತು. ಕಾರಣವನ್ನು ಹೇಳಲಿಲ್ಲ. ಅತ್ತಿಗೆಯೂ ಕೇಳಲಿಲ್ಲ, ಬಡಿಸಿದ್ದನ್ನು ಬೈಯುವ ಹಕ್ಕು ಸಿಕ್ಕರೆ ಅವರಿಗೆ ಬೇರೆ ಕಾರಣ ಬೇಕಿರಲಿಲ್ಲ.

"ಇದನ್ನ ತಿನ್ನೋಕೆ ಹಲ್ಲು ಬೇಕು ಕಣೇ. ನನ್ನ ಹಲ್ಲು ಲೋಟದಲ್ಲಿದೆ" ಎಂದರೆ ನೀರು ಸಾಲದಾಗಿದೆ ಎಂದರ್ಥ. "ನಿನ್ನ ಗಂಡನ ಮುಖದ ಹಾಗೇ ಹುಳಿ ಹುಳಿ" ಎಂದರೆ ಹಿಟ್ಟು ಹೆಚ್ಚು ಹುದುಗಿದೆ. "ಮತ್ತೆ ಬಣ್ಣದ ಡಬ್ಬಿ ತಂದ್ಯಾ?" ಎಂದರೆ ಚೀಲವನ್ನೇ ಹಿಂದಿರುಗಿಸಬೇಕು. "ಉಪ್ಪು ಕಮ್ಮಿ" ಎನ್ನುವುದು ಅತ್ಯುತ್ತಮ ದರ್ಜೆ. ಬೇರೆ ಯಾವ ತಪ್ಪೂ ಸಿಗದಿದ್ದಾಗ ಅತ್ತಿಗೆ ಉಪ್ಪಿಗೆ ಬರುತ್ತಿದ್ದರು. ಉಪ್ಪು ಕಮ್ಮಿ ಎಂದ ದಿನ ತೌಡಮ್ಮ ಮೆಟ್ಟಿಲು ಹತ್ತುವಾಗ ಮಂಡಿನೋವನ್ನು ಮರೆಯುತ್ತಿದ್ದರು. ಮರುದಿನ ಚೀಲದ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, "ಹಾಂ, ಇದು ಒಳ್ಳೇ ಹಿಟ್ಟು" ಎಂದು ತರಗತಿಗೆ ಹೇಳುತ್ತಿದ್ದರು. ಅದು ನಾಟಕವಾಗಿದ್ದರೂ ತೀರ್ಪು ನಿಜವಾಗಿತ್ತು. ಸ್ವಂತ ಕಣ್ಣು ಸಾಲದೆ ಕನ್ನಡಕದಿಂದ ಓದುವುದನ್ನು ಯಾರೂ ಮೋಸ ಎನ್ನುವುದಿಲ್ಲವಲ್ಲ.

ಇದು ಹೀಗೆಯೇ ನಡೆಯಬಹುದಿತ್ತು. ಕೆಡಿಸಿದ್ದು ಕರುಣೆ.

ಒಂದು ಶುಕ್ರವಾರ ಮೆಟ್ಟಿಲ ಬಳಿ ಗಂಡನಿಗೆ ಅಕ್ಕನ ದನಿ ಕೇಳಿಸಿತು. "ಇಷ್ಟು ವರ್ಷ ಮಾಡಿ ಇನ್ನೂ ಕೈ ಕೂತಿಲ್ಲ ಅಂದ್ರೆ ನಿನಗೆ ಈ ವಿದ್ಯೆ ಹತ್ತಲ್ಲ, ಬಿಟ್ಟುಬಿಡು." ಹೆಂಡತಿ ಖಾಲಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುತ್ತಿದ್ದರು. ಹಿಟ್ಟು ಕೆಟ್ಟಿಲ್ಲ, ನೀರಷ್ಟೇ ಸಾಲದು ಎಂದು ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಗಂಡನಿಗೆ ಕಂಡದ್ದು ತಗ್ಗಿದ ತಲೆ ಮಾತ್ರ. ಹಿಂದೆಂದೂ ಅಕ್ಕನಿಗೆ ಎದುರಾಡದ ಅವರು ಅಕ್ಕನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಂದಿನ ಶುಕ್ರವಾರ ಅತ್ತಿಗೆ ಮೊದಲ ತುತ್ತನ್ನು ನಿಧಾನವಾಗಿ ಅಗಿದರು. ನುಂಗಿದರು. ತಟ್ಟೆಯನ್ನೇ ನೋಡುತ್ತ ಹೇಳಿದರು:

"ತುಂಬಾ ಚೆನ್ನಾಗಿದೆ ಕಣೇ."

ತೌಡಮ್ಮ ಕುರ್ಚಿ ಎಳೆದು ಎದುರಿಗೆ ಕೂತರು. "ಯಾರು ಹೇಳಿದ್ರು ನಿಮಗೆ?"

"ಏನು ಹೇಳೋದು? ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಬಾರದಾ?"

"ಉಪ್ಪು?"

"ಉಪ್ಪು ಸರಿಯಾಗಿದೆ."

"ಅತ್ತಿಗೆ, ನಿಮಗೆ ಕೈ ಮುಗೀತೀನಿ. ನಿಜ ಹೇಳಿ. ನಾಳೆ ಜನ ಬರ್ತಾರೆ."

"ನಿಜಾನೇ ಹೇಳ್ತಿದೀನಿ. ಪಾಪ, ನೀನು ಎಷ್ಟು..." ಎಂದು ಅತ್ತಿಗೆ ನಿಲ್ಲಿಸಿದರು. ಆ ಬಾಯಿಯಿಂದ "ಪಾಪ" ಎಂಬ ಮಾತನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಕಣ್ಣಲ್ಲಿ ನೀರಿತ್ತು. "ನಿನ್ನ ಮೂಗು ಹೋದದ್ದು ನನಗೇನು ಗೊತ್ತಿತ್ತೇ? ಇಷ್ಟು ದಿನ ಬಾಯಿಗೆ ಬಂದ ಹಾಗೆ ಅಂದೆ. ನನ್ನ ನಾಲಿಗೆಗೆ ಹುಳ ಬೀಳ."

"ಅದೇ ನಾಲಿಗೆ ಬೇಕಿತ್ತು ನನಗೆ. ಬೈಯಿರಿ, ಅತ್ತಿಗೆ."

"ಏನಂತ ಬೈಯಲಿ?"

"ಇದ್ದದ್ದನ್ನ ಇದ್ದ ಹಾಗೆ."

ಅತ್ತಿಗೆ ಇನ್ನೊಂದು ತುತ್ತು ತಿಂದು, ಪ್ರಯತ್ನಪಟ್ಟು ಮುಖ ಗಂಟಿಕ್ಕಿ, "ಕಲ್ಲಿನ ಹಾಗಿದೆ" ಎಂದರು. ಆಮೇಲೆ ಅನುಮಾನದಿಂದ, "ಸಾಕಾ?" ಎಂದು ಕೇಳಿದರು.

ತಾನು ಅಳತೆಯ ಉಪಕರಣವೆಂದು ಅರಿತ ಉಪಕರಣ ಅಳೆಯುವುದನ್ನು ಬಿಟ್ಟು, ಎದುರಿಗಿರುವವರಿಗೆ ಏನು ಬೇಕೆಂದು ಯೋಚಿಸತೊಡಗುತ್ತದೆ. ಅದಾದ ಮೇಲೆ ಹಲವು ಶುಕ್ರವಾರ ಅತ್ತಿಗೆ ಶ್ರದ್ಧೆಯಿಂದ ಬೈದರು, ಹೊಸ ಹೊಸ ಬೈಗುಳ ಹುಡುಕಿ ತಂದರು. ಆದರೆ ಅವು ಬ್ರೆಡ್ಡಿನ ಮೇಲೆ ಹೇಳಿದವೋ, ಮೂಗು ಕಳೆದುಕೊಂಡ ತೌಡಮ್ಮನ ಸಮಾಧಾನಕ್ಕೆ ಹೇಳಿದವೋ ತಿಳಿಯುವ ಮಾರ್ಗವಿರಲಿಲ್ಲ. ಒಮ್ಮೆ ಪರೀಕ್ಷಿಸಲೆಂದೇ ಬಿಸಿಲಿನಲ್ಲಿಟ್ಟು ಕೆಡಿಸಿದ ಹಿಟ್ಟಿನ ಬನ್ನನ್ನು ಒಯ್ದಾಗ ಅತ್ತಿಗೆ ಪೂರ್ತಿ ತಿಂದು, ನೀರು ಕುಡಿದು, "ಉಪ್ಪು ಕಮ್ಮಿ" ಎಂದರು. ಆ ಮಾತು ಕೇಳಿದರೆ ಇವಳು ಹಗುರಾಗಿ ಮೆಟ್ಟಿಲು ಹತ್ತುತ್ತಾಳೆ ಎಂಬುದು ಅವರಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು.

ತರಗತಿ ನಿಂತಿತು. ಮಂಡಿನೋವು ಎಂದು ಆಕೆ ಎಲ್ಲರಿಗೂ ಹೇಳಿಕಳಿಸಿದರು. ಗಂಡ ಅಂಗಡಿಯಿಂದ ಬರುವಾಗ ಬೆಳ್ಳಗಿನ ಬ್ರೆಡ್ಡು ತರತೊಡಗಿದರು. ಮೂವರೂ ಅದನ್ನೇ ತಿಂದರು. ಹೇಗಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಒಂದು ಶನಿವಾರ ಬಸ್ ಚಾಲಕರು ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ತಂದು ಮೇಜಿನ ಮೇಲಿಟ್ಟರು. "ಪೂರ್ತಿ ಗೋಧಿ, ಮೈದಾ ಒಂದು ಚಿಟಿಕೆಯೂ ಇಲ್ಲ. ನೀವು ನೋಡಿ ಹೇಳಬೇಕು."

ಆಕೆ ಅದನ್ನು ಮಗುಚಿ ತಳಕ್ಕೆ ತಟ್ಟಿದರು. ಖಾಲಿ ಪೆಟ್ಟಿಗೆಯ ಸದ್ದು ಸರಿಯಾಗಿತ್ತು. ಒತ್ತಿ ನೋಡಿದರು, ಹದವಾಗಿ ಬೆಂದಿತ್ತು. ರೂಢಿಯಂತೆ ಮೂಗಿನವರೆಗೆ ತಂದು, ಹಾಗೆಯೇ ಕೆಳಗಿಳಿಸಿದರು.

"ಮನೆಯವರು ಏನಂದ್ರು?"

"ಚೆನ್ನಾಗಿದೆ ಅಂದಳು."

"ಯಾವಾಗಲೂ ಹಾಗೇ ಅಂತಾರಾ?"

ಚಾಲಕರು ಯೋಚಿಸಿದರು. "ಈಚೆಗೆ ಹಾಗೇ ಅಂತಾಳೆ. ವಯಸ್ಸಾಯ್ತಲ್ಲ, ಇಬ್ಬರಿಗೂ ಜಗಳ ಆಡೋ ತಾಕತ್ತಿಲ್ಲ."

"ಹಾಗಾದ್ರೆ ಯಾವತ್ತಾದರೂ ಜಗಳ ಆಡಿ, ಆಗ ಕೊಟ್ಟು ಕೇಳಿ" ಎಂದರು ತೌಡಮ್ಮ. ಚಾಲಕರು ತಮಾಷೆಯೆಂದುಕೊಂಡು ನಕ್ಕರು. ಅರ್ಧ ಬ್ರೆಡ್ಡು ಇಲ್ಲೇ ಇರಲಿ ಎಂದು ಕೊಯ್ದಿಟ್ಟು ಹೊರಟರು.

ಆಕೆ ಒಂದು ಹೋಳು ಬಾಯಿಗಿಟ್ಟು ಅಗಿದರು. ಮೆತ್ತಗಿತ್ತು, ಸ್ವಲ್ಪ ತೇವವಾಗಿತ್ತು, ತೌಡಿನ ಚೂರುಗಳು ಹಲ್ಲಿಗೆ ಸಿಗುತ್ತಿದ್ದವು. ಬೇರೆ ಏನೂ ತಿಳಿಯಲಿಲ್ಲ. ಗಂಡ ಬಾಗಿಲಲ್ಲಿ ನಿಂತು, "ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ" ಎಂದು ಆಕೆ ಇಷ್ಟು ದಿನ ಓವನ್ನಿನ ಬಾಗಿಲನ್ನು ಹಿಡಿದಿಟ್ಟಿದ್ದ ಮರದ ಚಮಚವನ್ನು ಹಿಡಿಕೆಯಿಂದ ತೆಗೆದು ತೊಳೆಯಲು ಹಾಕಿದರು.