ಇನ್ನೊಂದೇ ಬೋಲ್ಟ್

ವಿಮಲಾಬಾಯಿಯ ಪ್ರಕಾರ ಭಂಕೂರಿನಲ್ಲಿ ಅವಳ ಗಂಡ ರೇವಣಸಿದ್ದಯ್ಯನಷ್ಟು ಮೊಂಡ ಇನ್ನೊಬ್ಬನಿಲ್ಲ. ಮುದಿ ಪಿಕಪ್‌ಗೆ ಗುಜರಿಯ ಲಾರಿ ಎಂಜಿನ್ ಕೂಡಿಸುತ್ತೇನೆಂದು ಅಂಗಳದ ಬೇವಿಗೆ ಸರಪಳಿ ಕಟ್ಟಿದ. ಕೊಂಬೆ ಮುರಿದು ಎಂಜಿನ್ ಅವಳ ತಾಮ್ರದ ಕೊಡದ ಮೇಲೆ ಬಿತ್ತು. ಎಂಜಿನ್ ಒಳಗೆ ಹಿಡಿಸದಾಗ ಬಾನೆಟ್ಟನ್ನೇ ಕೊಯ್ದ. ಊಟಕ್ಕೆ ಕರೆದಾಗಲೆಲ್ಲ "ಇನ್ನೊಂದೇ ಬೋಲ್ಟ್ ಅದ" ಎನ್ನುತ್ತಾನೆ. ಆ ಬೋಲ್ಟಿಗೆ ಎರಡು ಬೇಸಿಗೆ ಹೋದವು. "ಕತ್ತೆಗ ಆನಿ ಹೊಟ್ಟಿ ಹಚ್ಚಾಕತ್ತೀರಿ" ಎಂದು ಅವಳು ಹಂಗಿಸಿದರೆ ಗ್ರೀಸಿನ ಕೈಯಲ್ಲೇ ಮೀಸೆ ತೀಡುತ್ತಾನೆ. ಕೊನೆಗೊಮ್ಮೆ ಎಂಜಿನ್ ಗುಡುಗಿತು. ಅವನು ಬಾಗಿಲು ತೆರೆದು, "ಕುಂದ್ರು, ಚಂದ್ರಂಪಳ್ಳಿ ಏರಿಗಿ ಹೋಗಾಮು" ಎಂದ. "ಅಲ್ಲೇನದ್ರಿ?" ಎಂದಳು. "ನಮ್ಮ ಮದಿವಿ ದಿನ ಇದೇ ಗಾಡಿ ಆ ಏರು ಹತ್ತಲಾರದ ನಿಂತಿತ್ತು, ನೀ ಬಾಸಿಂಗದಾಗೇ ಇಳಿದು ದಬ್ಬಿದಿ. ಬೀಗರೆಲ್ಲ ನಕ್ಕಿದ್ರು. ನಾ ಮರ್ತಿಲ್ಲ." ವಿಮಲಾಬಾಯಿ ಅವನ ಮೀಸೆಯ ಗ್ರೀಸನ್ನು ಸೆರಗಿನಿಂದ ಒರೆಸಿದಳು. ಆದರೂ ಮತ್ತೆ ದಬ್ಬುವುದು ಬಂದೀತೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತಿ ಕುಳಿತಳು.