ಗಾಳಿಯಕ್ಕನ ಕಿವಿ

ಬೆಳಕು ಹರಿಯುವ ಹೊತ್ತು. ಗಾಳಿಯಕ್ಕ ಹಳೆಯ ಗಾಳಿಬಂದೂಕಿನ ಸಿಲಿಂಡರಿಗೆ ಕಿವಿ ಹಚ್ಚಿ ಕೂತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದು ಮಾತಾಡಲು ಹೋದ ನನಗೆ ಬೆರಳೆತ್ತಿ ‘ಶ್!’ ಎನ್ನುತ್ತಾರೆ. ಒಲೆಯ ಮೇಲೆ ಚಹಾ ಉಕ್ಕಿದರೂ ಕ್ಯಾರೇ ಅನ್ನುವುದಿಲ್ಲ. ಕೊನೆಗೆ ಮುಖ ಅರಳುತ್ತದೆ. “ನಿನ್ನೆ ಸಂಜೆ ತುಂಬಿಟ್ಟಿದ್ದು, ಒಂಚೂರೂ ಸೋರಿಲ್ಲ! ಈಗ ಚಹಾ ಕುಡೀರಿ, ಉಳಿದಿದ್ರೆ.”

ಗುರಿಯಾಟದ ಈ ಬಂದೂಕಿಗೆ ಮೊದಲೇ ಪಂಪಿನಿಂದ ಗಾಳಿ ತುಂಬಿಡಬೇಕು. ಒಂದೊಂದು ಗುಂಡಿಗೂ ಅದೇ ಗಾಳಿ ಸ್ವಲ್ಪಸ್ವಲ್ಪ ಖರ್ಚಾಗುತ್ತದೆ. ಹೊಸ ಬಂದೂಕುಗಳು ಗಾಳಿಯ ಹದವನ್ನು ತಾವೇ ನೋಡಿಕೊಳ್ಳುತ್ತವೆ, ಹಳೆಯವಕ್ಕೆ ಗಾಳಿಯಕ್ಕನೇ ಬೇಕು. ಪಂಪಿನ ಮಾಪಕದ ಮೇಲೆ ಅವರು ಎಳೆದಿರುವ ಕೆಂಪು ಗೆರೆಯೇ ಲಕ್ಷ್ಮಣರೇಖೆ. ನಾನೂ ಒಂದು ಕೈ ನೋಡೋಣವೆಂದು ಪಂಪು ಒತ್ತಲು ಹೋದೆ. ಬಂದೂಕಿಗೆ ಗಾಳಿ ಹೋಗುವ ಮೊದಲು ನನ್ನ ಗಾಳಿಯೇ ಹೋಯಿತು.

ಅಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಬೆಳೆದವರು ಇವರು. ಒಂದು ದಿನ ಊರ ಆಸ್ಪತ್ರೆಯ, ಗುರಿಯಾಟದ ಹುಚ್ಚಿನ ನರ್ಸಮ್ಮ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಈ ಬಂದೂಕನ್ನು ತಂದರು. ಗುಜರಿಗೆ ಹಾಕಿ ಎಂದು ಊರೆಲ್ಲ ಹೇಳಿತ್ತಂತೆ. ಸೋರುತ್ತಿದ್ದದ್ದು ಒಂದು ಸಣ್ಣ ರಬ್ಬರ್ ಉಂಗುರದಿಂದ. “ಗಾಳಿ ಗಾಳೀನೇ ಅಲ್ವಾ ಅಂತ ಕೈ ಹಾಕ್ದೆ. ಆಮೇಲೆ ಗೊತ್ತಾಯ್ತು, ಇದು ಟಯರಿನ ಗಾಳಿಯಲ್ಲ, ಹುಲಿ. ಪೂರ್ತಿ ಖಾಲಿ ಮಾಡದೆ ಇವತ್ತಿಗೂ ಬಿಚ್ಚಲ್ಲ.”

ಅವರು ರಿಪೇರಿ ಮಾಡಿದ ಮೊದಲ ಬಂದೂಕು ಅದು. ಅದರ ಬಿಡಿಭಾಗಗಳು ಈಗೆಲ್ಲೂ ಸಿಗುವುದಿಲ್ಲ, ಮೈದುನನೇ ಲೇತಿನಲ್ಲಿ ಕಡೆದು ಕೊಡಬೇಕು. “ಕೂದಲೆಳೆಯಷ್ಟು ದಪ್ಪ ಆಯ್ತಲ್ಲೋ,” ಎಂದು ಇವರು ರೇಗಿದರೆ, ಆತ ಬೋಳುತಲೆ ಸವರಿಕೊಂಡು, “ಕೂದಲಿನ ಲೆಕ್ಕ ನನ್ನ ಕೇಳಿದ್ರೆ ಹೆಂಗೆ ಅತ್ತಿಗೆ?” ಎನ್ನುತ್ತಾನೆ.

ಇಂದು ಹಿರಿಯರ ಸ್ಪರ್ಧೆ. ಹೋದ ವರ್ಷ ನಡುವೆಯೇ ಗಾಳಿ ಸೋರಿ, ನಿವೃತ್ತ ನರ್ಸಮ್ಮ ಆಟ ಬಿಟ್ಟು ಎದ್ದಿದ್ದರು. ಈ ಸಲವೂ ಕೈಕೊಟ್ಟರೆ ಹಳೆಯದನ್ನು ಗೋಡೆಗೆ ನೇತುಹಾಕಿ ಹೊಸದು ಕೊಳ್ಳುವುದೆಂದು ಹೇಳಿಬಿಟ್ಟಿದ್ದಾರೆ. ನರ್ಸಮ್ಮನ ಗಂಡ ಟೈಲರ್ ಮಾಸ್ಟರ್ ಬಂದು ಬಂದೂಕನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ನಾವು ಶೂಟಿಂಗ್ ರೇಂಜಿಗೆ ಹೊರಡುತ್ತೇವೆ.

ಅಲ್ಲಿ ನೋಡಿದರೆ ಗ್ರಹಚಾರ! ನರ್ಸಮ್ಮನ ಅಭ್ಯಾಸದ ಗುಂಡುಗಳೆಲ್ಲ ಗುರಿಯ ಕೆಳಗೇ ಬೀಳುತ್ತಿವೆ.

“ಬಿಡು ಗಾಳಿಯಕ್ಕ. ಇದಕ್ಕೂ ವಯಸ್ಸಾಯ್ತು, ನನಗೂ ಆಯ್ತು,” ಎನ್ನುತ್ತಾರೆ.

ಗಾಳಿಯಕ್ಕ ಸಿಲಿಂಡರಿಗೆ ಕಿವಿ ಹಚ್ಚುತ್ತಾರೆ. ಸೋರುತ್ತಿಲ್ಲ. ತಲೆಯೆತ್ತಿದರೆ ಮಾಸ್ಟರ್ ಮಾಡಿನ ತೊಲೆ ಎಣಿಸುತ್ತ ನಿಂತಿದ್ದಾರೆ.

“ಮಾಸ್ಟರೇ, ಇಲ್ನೋಡಿ. ಏನ್ ಮಾಡಿದ್ರಿ?”

“ಅದು... ಇವಳು ಗೆಲ್ಲಲಿ ಅಂತ ಮನೇಲಿರೋ ಪಂಪಲ್ಲಿ ನೀವೆಳೆದ ಕೆಂಪು ಗೆರೆ ದಾಟಿಸಿ ಒಂದಿಷ್ಟು ಜಾಸ್ತಿ ತುಂಬ್ದೆ. ಜೋರಾಗಿ ಹೋಗ್ಲಿ ಅಂತ.”

ಗಾಳಿಯಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಅಯ್ಯೋ ಪುಣ್ಯಾತ್ಮ! ಹೊಟ್ಟೆ ಬಿರಿಯೋ ಹಾಗೆ ಉಣಿಸಿ ಓಡು ಅಂದ್ರೆ ಯಾರ್ ಓಡ್ತಾರೆ? ಒಳಗಿನ ಒತ್ತಡ ಹೆಚ್ಚಾದ್ರೆ ಗಾಳಿ ಬಿಡೋ ವಾಲ್ವಿನ ಬಾಗಿಲೇ ಸರಿಯಾಗಿ ತೆರೆಯಲ್ಲ. ಆಚೆ ಬರೋ ಗಾಳಿ ಕಮ್ಮಿಯಾಗಿ ಗುಂಡು ಕೆಳಗೆ ಬೀಳುತ್ತೆ. ಇನ್ನೊಂದ್ಸಲ ಗೆರೆ ದಾಟಿದ್ರೆ ನೋಡಿ, ಅಪಾಯ ಅದು!” ಗದರುತ್ತಲೇ ತಿರುಪು ಸಡಿಲಿಸಿ ಹೆಚ್ಚಿನ ಗಾಳಿ ಬಿಡುತ್ತಾರೆ. ನರ್ಸಮ್ಮ ಗಂಡನನ್ನು ಕೆಕ್ಕರಿಸಿ ನೋಡಿ, ತಡೆಯಲಾರದೆ ತಾವೂ ನಕ್ಕು ಗುರಿ ಹಿಡಿಯುತ್ತಾರೆ. ಗುಂಡು ನಡುವಿನ ಚುಕ್ಕೆಗೇ ಹೊಡೆಯುತ್ತದೆ.

ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಸ್ಥಾನ. ಕೊನೆಯ ಗುಂಡಿನವರೆಗೂ ಬಂದೂಕು ಕೈಕೊಡಲಿಲ್ಲ. ಕೊರಳಲ್ಲಿ ಪದಕ ತೂಗುತ್ತಿರುವಾಗಲೇ ನರ್ಸಮ್ಮ ಬಂದೂಕನ್ನು ತಂದು ಗಾಳಿಯಕ್ಕನ ಮಡಿಲಿಗಿಡುತ್ತಾರೆ. “ಹೊಸದು ಯಾರಿಗೆ ಬೇಕು? ಬರೋ ವರ್ಷಾನೂ ಇದೇ. ಅಲ್ಲೀವರೆಗೂ ನಿನ್ನ ಹತ್ರಾನೇ ಇರ್ಲಿ. ನಮ್ಮನೇಲಿ ಇವರಿದ್ದಾರೆ.”

ಮಾಸ್ಟರ್ ಸುತ್ತ ನಿಂತವರೆಲ್ಲ ಗೊಳ್ಳೆಂದು ನಗುತ್ತಾರೆ. ಗಾಳಿಯಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಕಣ್ಣಿಗಾದ್ರೆ ಕನ್ನಡಕ ಸಿಗುತ್ತೆ. ಈ ಕಿವಿ ಮಾತ್ರ ಹೀಗೇ ಇರ್ಲಿ,” ಎನ್ನುತ್ತ ಸಿಲಿಂಡರನ್ನು ಕಿವಿಗೆ ಹಚ್ಚಿಕೊಳ್ಳುತ್ತಾರೆ. “ಇದು ತೆಪ್ಪಗಿರೋದನ್ನ ಇನ್ನೊಂದಿಷ್ಟು ವರ್ಷ ಕೇಳ್ಬೇಕು.”