ಪಂಪಣ್ಣ ಸುತ್ತಿಸಿದ ರಾಜಧಾನಿ

ಕೊನೆಯ ಮಂಗಳವಾರ ನಾವು ತಪ್ಪು ಬಸ್ಸು ಹತ್ತಿದೆವು. ಹತ್ತಿಸಿದವಳು ನಾನೇ.

ಮಂಗಳವಾರ ನಮ್ಮ ಯಜಮಾನರಿಗೂ ರಜೆ, ನನಗೂ ರಜೆ. ನನ್ನದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಇವರದು ಬಾಡಿಗೆ ಸೈಕಲ್ಲುಗಳ ಡಿಪೋದಲ್ಲಿ ರಿಪೇರಿ. ಜನ ಒಂದು ಸ್ಟ್ಯಾಂಡಿನಲ್ಲಿ ಹತ್ತಿ ಇನ್ನೊಂದರಲ್ಲಿ ಬಿಟ್ಟು ಹೋಗುತ್ತಾರಲ್ಲ, ಆ ಸೈಕಲ್ಲುಗಳು. ಕಂಡ ಚಕ್ರವನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡುವ ಚಟವಿತ್ತು, ಅದಕ್ಕೇ ಡಿಪೋದಲ್ಲಿ ಎಲ್ಲರಿಗೂ ಇವರು ಪಂಪಣ್ಣ. ರಸ್ತೆಬದಿ ನಿಂತಿದ್ದ ಪೊಲೀಸ್ ಜೀಪಿನ ಚಕ್ರ ಒತ್ತಿ ಒಮ್ಮೆ ಬೈಸಿಕೊಂಡದ್ದೂ ಉಂಟು.

ಈ ಊರಿಗೆ ಬಂದು ಇಪ್ಪತ್ತಾರು ವರ್ಷವಾಗಿದ್ದರೂ ನನಗೆ ಗೊತ್ತಿದ್ದದ್ದು ಮೂರು ಬೀದಿ. ನಾಲ್ಕು ವರ್ಷದ ಹಿಂದೆ ಒಂದು ದಿನ ಇವರು, "ಇಷ್ಟು ದೊಡ್ಡ ಊರಲ್ಲಿದ್ದು ಗೋಡೆ ನೋಡ್ಕೊಂಡೇ ಇರ್ತೀಯಾ?" ಎಂದರು. ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಸೈಕಲ್ಲು ಕಲಿಸಿದರು. ಆಗ ನನಗೆ ನಲವತ್ತೇಳು. ಎರಡೂ ಮೊಣಕಾಲು ತರಚಿಹೋಯಿತು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಣ್ಣನಿಗಂತೂ ಬುದ್ಧಿ ಇಲ್ಲ. ಅತ್ತಿಗೆ, ನಿಮ್ಮದೆಲ್ಲಿ ಹೋಯ್ತು?"

ಅಂದಿನಿಂದ ಪ್ರತಿ ಮಂಗಳವಾರ ಹೊರಟೆವು. ಹೋಗುವಾಗ ಬಸ್ಸು, ನಡುವೆ ಸೈಕಲ್ಲು, ಸುಸ್ತಾದ ಮೇಲೆ ಮೆಟ್ರೋ ಹಿಡಿದು ಮನೆ. ಇವರು ಮುಂದೆ, ನಾನು ಹಿಂದೆ. ಆ ಕೊನೆಯ ಮಂಗಳವಾರ ಮಾತ್ರ, "ಇವತ್ತು ನೀನು ಮುಂದೆ. ನದಿ ಹತ್ರ ಕರ್ಕೊಂಡು ಹೋಗು," ಎಂದರು. ನಾನು ಹತ್ತಿಸಿದೆ. ಇವರು ಕಿಟಕಿ ಪಕ್ಕ ಕೂತು ತುಟಿಪಿಟಿಕ್ ಎನ್ನಲಿಲ್ಲ. ಕೊನೆಯ ಸ್ಟಾಪು ಬಂತು. ಅಲ್ಲಿದ್ದದ್ದು ಬಸ್ಸು ತೊಳೆಯುವ ಜಾಗ.

"ನದಿ ಎಲ್ಲಿ?" ಎಂದರು.

ಬಸ್ಸುಗಳ ಕೆಳಗಿಂದ ಕೊಳೆ ನೀರು ಹರಿಯುತ್ತಿತ್ತು. "ಇದೇ. ನೋಡ್ಕೊಳ್ಳಿ," ಎಂದೆ. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನಾನೇ ಹೇಳ್ತಾ ಕೂತ್ರೆ ನಿನಗೆ ಗೊತ್ತಾಗೋದು ಯಾವಾಗ?"

ಅಲ್ಲಿಂದ ಸೈಕಲ್ಲು ಹಿಡಿದು, ಅವರಿವರನ್ನು ಕೇಳಿಕೊಂಡು, ಮಧ್ಯಾಹ್ನದ ಹೊತ್ತಿಗೆ ನದಿ ಮುಟ್ಟಿಸಿದೆ. ಪಾರ್ಲಿಮೆಂಟಿನ ಎದುರು ಕಲ್ಲುಬೆಂಚಿನ ಮೇಲೆ ಕೂತು ಬ್ರೆಡ್ಡು ತಿಂದೆವು. ಮಾತು ಹೆಚ್ಚು ಆಡಲಿಲ್ಲ. ಆಡಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಡಿಪೋದ ಮೇಸ್ತ್ರಿ ಲಾಂಡ್ರಿಗೆ ಫೋನು ಮಾಡಿದ. "ಅಕ್ಕಾ, ಪಂಪಣ್ಣ ಕೆಲಸ ಮಾಡ್ತಾ ಮಾಡ್ತಾ ಬಿದ್ದುಬಿಟ್ರು. ಹಾರ್ಟು. ನದಿ ಆಚೆ ದೊಡ್ಡಾಸ್ಪತ್ರೆಗೆ ಸೇರಿಸಿದೀವಿ. ಡಾಕ್ಟ್ರು ಬೇಗ ಬರೋಕೆ ಹೇಳಿ ಅಂದ್ರು."

ನಾದಿನಿಗೆ ತಿಳಿಸಿದೆ. "ಅಲ್ಲೇ ಇರಿ, ಅತ್ತಿಗೆ. ಕಾರು ತರ್ತೀವಿ. ಒಬ್ರೇ ಹೊರಟು ಎಲ್ಲೋ ಕಳೆದು ಹೋಗ್ಬೇಡಿ," ಎಂದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ನಾನು ಹೊರಟೇಬಿಟ್ಟೆ. ಇವರ ಜೀವ ಕಾರು ಬರುವವರೆಗೆ ಕಾಯುತ್ತದೆ ಎಂದು ಬರೆದುಕೊಟ್ಟವರು ಯಾರು?

ಮೆಟ್ರೋದಲ್ಲಿ ಐದು ಸ್ಟೇಷನ್. ಇಳಿದು ಸೇತುವೆಯ ಬಸ್ಸು. ಈ ಸಲ ಬಸ್ಸು ಸರಿಯಾದದ್ದೇ. ಸೇತುವೆಯ ಬುಡದಲ್ಲಿ ಅದು ನಿಂತುಬಿಟ್ಟಿತು. ಯಾವುದೋ ದೇಶದ ದೊಡ್ಡ ಮನುಷ್ಯ ಬಂದಿದ್ದನಂತೆ, ಅವನ ಕಾರುಗಳು ಹೋಗುವವರೆಗೆ ರಸ್ತೆ ಬಂದ್. ಪಕ್ಕದ ಕಾಲುಸೇತುವೆಯಲ್ಲಿ ನಡೆಯುವವರನ್ನೂ ಸೈಕಲ್ಲಿನವರನ್ನೂ ಬಿಡುತ್ತಿದ್ದರು. ಸೈಕಲ್ ಸ್ಟ್ಯಾಂಡಿಗೆ ಓಡಿದೆ. ಬಸ್ಸಿನಿಂದ ಇಳಿದ ಜನ ಆಗಲೇ ಎಲ್ಲವನ್ನೂ ಬಾಚಿಕೊಂಡಿದ್ದರು. ಒಂದೇ ಒಂದು ಉಳಿದಿತ್ತು. ಅದರ ಸೀಟು ಹಿಂದುಮುಂದಾಗಿ ತಿರುಗಿತ್ತು.

ಅದು ಡಿಪೋದವರ ಗುರುತು. ಸೈಕಲ್ಲು ಕೆಟ್ಟಿದ್ದರೆ ಕಂಡವರು ಸೀಟು ತಿರುಗಿಸಿ ಹೋಗುತ್ತಾರೆ, ಮುಂದಿನವರು ಮುಟ್ಟುವುದಿಲ್ಲ. ನಾನು ಅದರ ಪಕ್ಕ ನೆಲಕ್ಕೆ ಕೂತು ನೋಡಿದೆ. ಬ್ರೇಕು ಚೆನ್ನಾಗಿತ್ತು, ಚಕ್ರ ಗಟ್ಟಿಯಿತ್ತು. ಚೈನು ಬಿದ್ದಿತ್ತು, ಅಷ್ಟೇ.

ಚೈನು ಹಾಕುವುದನ್ನು ಇವರು ನನ್ನ ಕೈಯಲ್ಲಿ ಮೂರು ಸಲ ಮಾಡಿಸಿದ್ದರು. ಹಿಂದಿನ ಹಲ್ಲಿಗೆ ಕೂರಿಸಿದೆ, ಮುಂದಿನದಕ್ಕೆ ಸಿಕ್ಕಿಸಿದೆ, ಪೆಡಲು ಹಿಂದಕ್ಕೆ ತಿರುಗಿಸಿದೆ. ಒಂದು ಸಲ ಜಾರಿತು. ಎರಡನೇ ಸಲ ಕೂತಿತು. ಸೀಟು ಸರಿ ಮಾಡಿ, ಕಾರ್ಡು ತೋರಿಸಿ ಬೀಗ ಬಿಡಿಸಿ ಹತ್ತಿದೆ. ಪೊಲೀಸಿನವನು, "ನಿಧಾನ ಅಮ್ಮಾ," ಎಂದ. "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಪ್ಪ," ಎಂದು ಮುಂದೆ ಹೋದೆ.

ಆಸ್ಪತ್ರೆ ಮುಟ್ಟಿದಾಗ ಇವರಿಗೆ ಎಚ್ಚರವಿತ್ತು. ಮೂಗಿಗೆ ಕೊಳವೆ. ನನ್ನ ಮುಖಕ್ಕಿಂತ ಮೊದಲು ಕೈ ನೋಡಿದರು. ಎರಡೂ ಕೈ ಕಪ್ಪು ಮಸಿ.

"ಚೈನ್ ಬಿದ್ದಿತ್ತಾ?"

"ಹೂಂ."

"ಯಾವ ದಾರೀಲಿ ಬಂದೆ?"

ಹೇಳಿದೆ.

"ಮೆಟ್ರೋ ಹಸಿರು ಲೈನ್ ಹಿಡಿದಿದ್ರೆ ಸೇತುವೇನೇ ಬೇಕಿರ್ಲಿಲ್ಲ. ನೆಲದಡಿ ಬಂದುಬಿಡ್ತಿದ್ದೆ."

"ಈಗ ಹೇಳ್ತಿದೀರಾ?"

ನಕ್ಕರು. ಮಾತಾಡಿಸಬೇಡಿ ಎಂದು ನರ್ಸಮ್ಮ ಗದರಿದಳು. ಆದರೂ ಮಾತಾಡಿದೆವು, ಸಣ್ಣ ದನಿಯಲ್ಲಿ, ಒಂದು ಗಂಟೆಯ ಮೇಲೆ. ಆ ಮಾತುಗಳು ನನ್ನವು, ಇಲ್ಲಿ ಬರೆಯುವುದಿಲ್ಲ. ಎರಡೂವರೆಗೆ ಹೋದರು. ನಾದಿನಿಯ ಕಾರು ಸೇತುವೆ ದಾಟಿ ಬಂದಾಗ ಮೂರಾಗಿತ್ತು. ಅವಳು ನೆಲದ ಮೇಲೆ ಕೂತು ಅತ್ತಳು. ನಾನೂ ಅವಳ ಪಕ್ಕ ಕೂತೆ.

ತಿಂಗಳು ಕಳೆದ ಮೇಲೆ ಬಂದು, "ನಮ್ಮನೇಲೇ ಇರಿ, ಅತ್ತಿಗೆ. ಇಷ್ಟು ದೊಡ್ಡ ಊರಲ್ಲಿ ಒಬ್ರೇ ಏನು ಮಾಡ್ತೀರಾ?" ಎಂದಳು.

"ಸುತ್ತುತ್ತೀನಿ," ಎಂದೆ. "ಬೇಕಾದ್ರೆ ಮಂಗಳವಾರ ನೀನೂ ಬಾ."

ಬರುತ್ತಾಳೆ. ಸೈಕಲ್ಲು ಮುಟ್ಟುವುದಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕವೇ ಬೇಕು. ಎಲ್ಲಿ ಇಳಿಯಬೇಕೆಂದು ನನ್ನನ್ನು ಕೇಳುತ್ತಾಳೆ. ಅಳು ಬಂದ ದಿನ ಇಬ್ಬರೂ ಬಸ್ಸಿನಲ್ಲೇ ಅಳುತ್ತೇವೆ. ಸ್ಟಾಪು ಬಂದರೆ ಇಳಿಯುತ್ತೇವೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಸೈಕಲ್ ಸ್ಟ್ಯಾಂಡಿದೆ. ಇಬ್ಬನಿ ಬಿದ್ದು ಬೆಳಿಗ್ಗೆ ಸೀಟೆಲ್ಲ ಒದ್ದೆಯಾಗಿರುತ್ತದೆ. ಕೆಲಸಕ್ಕೆ ಹೊರಟವರು ಬರುವ ಮೊದಲು, ಆರು ಗಂಟೆಗೆ, ಇಳಿದು ಹೋಗಿ ಒರೆಸುತ್ತೇನೆ. ಯಾರೂ ಹೇಳಿದ ಕೆಲಸವಲ್ಲ. ಹನ್ನೊಂದು ಸೀಟು. ಒಂದು ಬಟ್ಟೆ ಸಾಲದು, ಎರಡು ಬೇಕು.